ಅನುಪಲಬ್ಧಿಯೂ ಮೇಂಟೆನೆನ್ಸ್ ಮೋಡೂ

ಘಟವು ಕಾಣದಿದ್ದ ಮಾತ್ರದಿಂದ ಘಟಾಭಾವವು ಸಿದ್ಧಿಸದು. ‘ಇದ್ದಿದ್ದರೆ ಕಾಣುತ್ತಿತ್ತು’ ಎನ್ನಬಹುದಾದಲ್ಲಿ ಮಾತ್ರವೇ ಕಾಣದಿರುವಿಕೆಯು ಅಭಾವವನ್ನು ತಿಳಿಸುವುದು. ಇದೇ ಯೋಗ್ಯಾನುಪಲಬ್ಧಿ. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದರು. ನೈಯಾಯಿಕರು ಪ್ರತ್ಯಕ್ಷಕ್ಕೆ ಸಹಕಾರಿಯೆಂದರು. ಮೂಡುಬಿದಿರೆಯಲ್ಲಿದ್ದ ಧವಲಾ ಗ್ರಂಥದ ಓಲೆಗಳನ್ನು, 1939ರಲ್ಲಿ ಮುದ್ರಣವು ಮೊದಲಾಗುವವರೆಗೆ, ಹೊರಗಿನ ವಿದ್ವಾಂಸರಲ್ಲಿ ಬಹುಮಂದಿ ಓದಿರಲಿಲ್ಲ. ಅಷ್ಟರಿಂದ ಗ್ರಂಥವು ಇಲ್ಲವೆಂದಾಗಲಿಲ್ಲ.

ಈ ನ್ಯಾಯವು ಇಂದಿನ ಕಂಪ್ಯೂಟರುಗಳ ಕಾವಲಿಗೂ ಸಲ್ಲುವುದು. ಸರ್ವರುಗಳನ್ನು ಹಗಲಿರುಳು ಪರೀಕ್ಷಿಸಿ, ದೋಷವು ಕಂಡೊಡನೆ ಎಚ್ಚರಿಕೆಯನ್ನು ಕಳುಹಿಸುವ ತಂತ್ರಾಂಶಗಳುಂಟು. 1999ರಲ್ಲಿ ಬೇರೆ ಹೆಸರಿನಿಂದ ಹೊರಬಂದ ನಾಗಿಯೋಸ್, 2001ರ ಜಾಬಿಕ್ಸ್ ಇವು ಪ್ರಸಿದ್ಧವಾದುವು. ದುರಸ್ತಿಗಾಗಿ ನಾವೇ ಯಂತ್ರವನ್ನು ನಿಲ್ಲಿಸಿದಾಗ ವ್ಯರ್ಥವಾದ ಎಚ್ಚರಿಕೆಗಳು ಬಾರದಿರಲೆಂದು ಏರ್ಪಡಿಸಿದ ಅವಸ್ಥೆಯೇ ಮೇಂಟೆನೆನ್ಸ್ ಮೋಡ್.

ಜಾಬಿಕ್ಸಿನಲ್ಲಿ ಇದು ದ್ವಿವಿಧವಾಗಿದೆ. ಮೊದಲನೆಯದರಲ್ಲಿ ಪರೀಕ್ಷೆಯು ನಡೆಯುತ್ತಲೇ ಇರುವುದು. ದೋಷವು ದಾಖಲಾಗುವುದು, ಆದರೆ ಸಾಮಾನ್ಯವಾಗಿ ಪಟ್ಟಿಯಲ್ಲಿ ಮರೆಯಾಗಿರುವುದು. ಮರೆಯಾದುವನ್ನೂ ತೋರಿಸೆಂದು ಗುರುತು ಹಾಕಿದರೆ ಕಾಣುವುದು. ಅವಧಿ ಮುಗಿದ ಮೇಲೂ ದೋಷವು ಉಳಿದಿದ್ದರೆ, ತಡೆಹಿಡಿದ ಎಚ್ಚರಿಕೆಯು ಆಗ ಹೊರಡುವುದು. ಎರಡನೆಯದರಲ್ಲಿ ಮಾಪನವೇ ಸ್ವೀಕೃತವಾಗದು. ದೋಷವು ಹುಟ್ಟಿ ಅಳಿದರೂ ಕುರುಹು ಉಳಿಯದು. ಮೊದಲನೆಯದು ದೀಪಕ್ಕೆ ಮರೆ ಹಿಡಿದಂತೆ, ಎರಡನೆಯದು ದೀಪವನ್ನೇ ಆರಿಸಿದಂತೆ. ನಾಗಿಯೋಸಿನ ನಿಗದಿತ ವಿರಾಮವು ಮೊದಲನೆಯ ಜಾತಿಯದು.

ಈ ಭೇದದ ಗುರುತ್ವವು ನಮ್ಮ ನದಿಯ ದಂಡೆಯಲ್ಲಿ ತಿಳಿಯುವುದು. ನೇತ್ರಾವತಿಯು ಬೆಳ್ತಂಗಡಿ ತಾಲೂಕನ್ನು ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿ ಬಂಟ್ವಾಳಕ್ಕೆ ಬರುವಳು. 1923, 1974ರ ನೆರೆಗಳನ್ನು ಬಂಟ್ವಾಳವು ಕಂಡಿದೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಘಟ್ಟದ ತಪ್ಪಲಿನ ಊರುಗಳು ಹಾನಿಗೊಂಡುವು. ಬಂಟ್ವಾಳದಲ್ಲಿ ಕೇಂದ್ರ ಜಲ ಆಯೋಗದ ಮಾಪನಠಾಣೆಯುಂಟು. ಇಂತಹ ಅಳತೆಗಳನ್ನು ಗ್ರಹಿಸುವ ಯಾವುದಾದರೊಂದು ಸರ್ವರು ಮಳೆಗಾಲದ ರಾತ್ರಿಯಲ್ಲಿ ಎರಡನೆಯ ಅವಸ್ಥೆಯಲ್ಲಿದೆಯೆಂದು ಭಾವಿಸೋಣ. ಅದು ಕೆಟ್ಟುನಿಂತರೂ ಕಾವಲಿನವನಿಗೆ ಸುದ್ದಿಯಿಲ್ಲ; ಸುದ್ದಿಯಿಲ್ಲದ್ದನ್ನು ಅವನು ಕ್ಷೇಮವೆಂದು ಬಗೆದರೆ ನದೀತೀರದ ಮನೆಗಳಿಗೆ ಅನರ್ಥವು.

ಆದುದರಿಂದ ದುರಸ್ತಿಗೊಳಗಾದ ಯಂತ್ರವೊಂದಕ್ಕೆ ಮಾತ್ರ ಈ ಅವಸ್ಥೆಯನ್ನು ವಿಧಿಸತಕ್ಕದ್ದು. ಅವಧಿಯನ್ನು ಸಂಕುಚಿತವಾಗಿ ನಿಶ್ಚಯಿಸತಕ್ಕದ್ದು. ಸಾಧ್ಯವಿದ್ದಲ್ಲೆಲ್ಲ ಮಾಪನವನ್ನು ನಿಲ್ಲಿಸದಿರತಕ್ಕದ್ದು. ಮರೆಯಾದ ದೋಷಗಳ ಪಟ್ಟಿಯು ಒಬ್ಬನ ಕಣ್ಣಿಗಾದರೂ ಬೀಳುತ್ತಿರತಕ್ಕದ್ದು. ಎಚ್ಚರಿಕೆಯು ಬಾರದಿರುವುದಕ್ಕೆ ಯೋಗ್ಯತೆಯನ್ನು ಪರೀಕ್ಷಿಸಿದ ಬಳಿಕವೇ ಪ್ರಾಮಾಣ್ಯವನ್ನು ಕೊಡಬಹುದು.