ಕಾವ್ಯವೂ ಚಲಚ್ಚಿತ್ರವೂ

ಪಟ್ಟನಾಯಕನಹಳ್ಳಿಯ ಸುತ್ತಿನ ಸೀಮೆಯವರಿಗೆ ಕೆರೆಯ ಮಾತು ಕೇವಲ ಕಥೆಯ ಮಾತಲ್ಲ. ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆಗಳು ಮಳೆಗೆ ಬಾಯ್ಬಿಡುವ ತಾಲ್ಲೂಕುಗಳು. ಕೆರೆ ತುಂಬಿದ ವರ್ಷ ಸುಭಿಕ್ಷ. ತುಂಬದ ವರ್ಷ ಗುಳೆ. ಆದುದರಿಂದ, ನೀರು ಬಾರದ ಕೆರೆಗೆ ಮನೆಯ ಕಿರಿಯ ಸೊಸೆಯನ್ನು ಆಹುತಿ ಕೊಟ್ಟ ವೃತ್ತಾಂತದ 'ಕೆರೆಗೆ ಹಾರ'ವೆಂಬ ಜನಪದ ಗೀತವನ್ನು, ಇದೇ ಶಿರಾ ತಾಲ್ಲೂಕಿನ ಬರಗೂರಿನಲ್ಲಿ ಹುಟ್ಟಿದ ಶ್ರೀ ಬರಗೂರು ರಾಮಚಂದ್ರಪ್ಪನವರು 'ಭಾಗೀರಥಿ'ಯೆಂಬ ಚಲಚ್ಚಿತ್ರವಾಗಿ 2012ರಲ್ಲಿ ತೆರೆಗೆ ತಂದುದು ಯೋಗ್ಯವೇ ಆಗಿದ್ದಿತು. ಕೆರೆಯ ಕಷ್ಟವನ್ನು ಬಲ್ಲವರ ಕೈಗೆ ಕೆರೆಯ ಹಾಡು ಬಂದಿತು.

ಗ್ರಂಥವು ಚಿತ್ರವಾದೊಡನೆ 'ಮೂಲವು ಕೆಟ್ಟಿತು' ಎಂದು ಉದ್ಗರಿಸುವುದು ನಮ್ಮ ವಿದ್ಯಾವಂತರಲ್ಲಿ ವಾಡಿಕೆಯಾಗಿದೆ. ಯಾವ ಪ್ರಸಂಗ ಬಿಟ್ಟುಹೋಯಿತು, ಯಾವುದು ಹೊಸದಾಗಿ ಸೇರಿತು ಎಂದು ಪಟ್ಟಿ ಹಾಕುವುದೇ ಅವರಿಗೆ ವಿಮರ್ಶೆ. ಇದು ಶ್ಯಾನುಭೋಗಿಕೆಯ ಲೆಕ್ಕವೇ ಹೊರತು ಸಾಹಿತ್ಯದ ವಿಚಾರವಲ್ಲವೆಂದು ನಾವು ತಿಳಿಯುತ್ತೇವೆ. ಕೃತಿಯು ಕೇಳುವ ಪ್ರಶ್ನೆ ಚಿತ್ರದಲ್ಲಿ ಉಳಿಯಿತೇ, ಇಲ್ಲವೇ? ನೋಡಬೇಕಾದುದು ಇಷ್ಟೆ.

'ಕೆರೆಗೆ ಹಾರ'ವನ್ನೇ ತೆಗೆದುಕೊಳ್ಳೋಣ. ಆ ಹಾಡಿನ ಬಲವೆಲ್ಲ ಅದು ಹೇಳದೆ ಬಿಟ್ಟುದರಲ್ಲಿದೆ. ಕೆರೆ ಕಟ್ಟಿಸಿದ ಗೌಡನು ಜೋಯಿಸರನ್ನು ಕೇಳುತ್ತಾನೆ, ಅವರು ಸೊಸೆಯನ್ನು ಕೊಡಬೇಕೆನ್ನುತ್ತಾರೆ, ವಾದವಿಲ್ಲ, ಪ್ರತಿವಾದವಿಲ್ಲ. ಭಾಗೀರಥಿ ತವರಿಗೆ ಹೋಗಿ, ಅತ್ತೆಮಾವಂದಿರು ತನ್ನನ್ನು ಬೇರೆಯಿಡುತ್ತಾರೆಂದು ಹಡೆದವರಿಗೆ ಸುಳ್ಳಾಡುತ್ತಾಳೆ. ನಿಜವನ್ನು ಹೇಳುವುದು ಗೆಳತಿಯೊಬ್ಬಳಿಗೆ ಮಾತ್ರ. ಪೂಜೆ ಮುಗಿಸಿ ಹಿಂದಿರುಗುವಾಗ ಬಂಗಾರದ ಬಟ್ಟಲನ್ನು ಬೇಕೆಂದೇ ಮರೆತು ಬರುತ್ತಾರೆ. ತರಲು ಕಿರಿಯವಳನ್ನೇ ಕಳುಹುತ್ತಾರೆ. ಮೆಟ್ಟಿಲು ಮೆಟ್ಟಿಲಿಗೂ ನೀರು ಏರುತ್ತದೆ. ದಂಡಿನಲ್ಲಿದ್ದ ಗಂಡ ಕೆಟ್ಟ ಕನಸು ಕಂಡು ಕುದುರೆಯೇರಿ ಬಂದು, ಅದೇ ಕೆರೆಗೆ ಹಾರುತ್ತಾನೆ. ತಪ್ಪು ಯಾರದೆಂದು ಹಾಡುಗಾರ್ತಿ ಹೇಳುವುದಿಲ್ಲ. ಕೇಳಿದವರೆಲ್ಲರ ಮೇಲೂ ಅದರ ಭಾರ ಬೀಳುತ್ತದೆ.

ಚಿತ್ರಕಾರನಿಗೆ ಈ ಅನುಕೂಲವಿಲ್ಲ. ಹಾಡಿನಲ್ಲಿ ಜೋಯಿಸನಿಗೆ ಮುಖವಿಲ್ಲ. ತೆರೆಯ ಮೇಲೆ ಅವನಿಗೆ ಮುಖ ಬೇಕು. ಮುಖ ಬಂದೊಡನೆ ಅದು ನಂಬಿದವನ ಮುಖವಾದರೂ ಆಗಬೇಕು, ವಂಚಕನ ಮುಖವಾದರೂ ಆಗಬೇಕು. ವಂಚಕನದಾದರೆ ಪ್ರೇಕ್ಷಕನು ಅವನನ್ನು ಶಪಿಸಿ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾನೆ. ಜನಪದ ಗೀತವನ್ನು ತೆರೆಗೆ ತರುವವರಿಗೆಲ್ಲ ಇರುವ ದೊಡ್ಡ ಅಪಾಯ ಇದೇ. ಆದರೂ ಗೌಡನ ಮಾನ ಮತ್ತು ಊರಿನ ಬಾಯಾರಿಕೆಗಳ ನಡುವೆ ಒಂದು ಹೆಣ್ಣು ಮಗಳು ಹೇಗೆ ಒಬ್ಬಂಟಿಯಾದಳೆಂಬುದನ್ನು ಚಿತ್ರವು ಕಣ್ಣಿಗೆ ತೋರಿಸಬಲ್ಲುದು. ಹಾಡು ಅದನ್ನು ಕಿವಿಗೆ ಮಾತ್ರ ಹೇಳುತ್ತದೆ.

ಅದೇ ನಿರ್ದೇಶಕರ 'ಅಮೃತಮತಿ'ಯು ಇನ್ನೂ ಧೈರ್ಯದ ಪ್ರಯತ್ನ. ಹದಿಮೂರನೆಯ ಶತಮಾನದ ಆದಿಯಲ್ಲಿ ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನನು 'ಯಶೋಧರ ಚರಿತೆ'ಯನ್ನು ಬರೆದುದು, ಹಿಟ್ಟಿನ ಕೋಳಿಯನ್ನು ಬಲಿಕೊಟ್ಟರೂ ಸಂಕಲ್ಪದ ಹಿಂಸೆ ಜನ್ಮಜನ್ಮಾಂತರಕ್ಕೂ ಬೆನ್ನಟ್ಟುತ್ತದೆಂದು ತೋರಿಸಲು. ಮಾವುತನ ಗಾನಕ್ಕೆ ಮನಸೋತ ರಾಣಿ ಅಲ್ಲಿ ಅಪರಾಧಿನಿ. ಚಿತ್ರವು ಅರಸನ ಹೆಸರನ್ನು ಬಿಟ್ಟು ಅವಳ ಹೆಸರನ್ನೇ ಇಟ್ಟುಕೊಂಡು, ಅವಳ ಕಡೆಯಿಂದ ಕಥೆಯನ್ನು ನೋಡುತ್ತದೆ. ಪೂರ್ವಕವಿಗೆ ಇದು ಅಪಚಾರವೆನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಜನ್ನನೂ ಈ ಕಥೆಯನ್ನು ಪೂರ್ವಿಕರಿಂದಲೇ ಪಡೆದವನು. ಶ್ರೀ ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ'ದಲ್ಲಿ ಅದನ್ನೇ ಬೇರೊಂದು ತೆರನಾಗಿ ತಿರುಗಿಸಿದ್ದರು. ಆದರೆ ಒಂದು ಆತಂಕ ನಮಗುಂಟು. ಚಿತ್ರವನ್ನು ನೋಡಿದ ತರುಣರಲ್ಲಿ ಜನ್ನನ ಕಂದಪದ್ಯಗಳ ಬಳಿಗೆ ಹೋಗುವವರು ಎಷ್ಟು ಮಂದಿ? ಹೋಗದವರಿಗೆ ಉತ್ತರವು ದೊರೆತಂತಾಯಿತು, ಪ್ರಶ್ನೆ ದೊರೆಯಲಿಲ್ಲ.

ಚಿತ್ರದ ಬಲವನ್ನು ಸರ್ಕಾರದವರು ನಮಗಿಂತ ಚೆನ್ನಾಗಿ ಅರಿತಿದ್ದಾರೆ. ಶ್ರೀ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಅಚ್ಚಾಗಿ, ಬೈಗುಳ ತಿಂದರೂ ಅಂಗಡಿಗಳಲ್ಲಿ ಮಾರಾಟವಾಗುತ್ತಲೇ ಇದ್ದಿತು. ಅದೇ ಕಥೆ 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ಚಿತ್ರವಾದಾಗ ಮದರಾಸಿನ ಸೆನ್ಸಾರ್ ಮಂಡಲಿ ತಡೆಹಾಕಿತು. ತಡೆಯನ್ನು ಕೇಂದ್ರ ಸರ್ಕಾರ ತೆಗೆದುಹಾಕಿದ ಮೇಲೆ ಆ ಚಿತ್ರಕ್ಕೇ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸುವರ್ಣ ಪದಕ ಬಂದಿತು! ಓದುವವರು ಕೆಲವರು, ನೋಡುವವರು ಹಲವರು. ಅಧಿಕಾರಿಗಳ ಭಯವೂ ಆ ಸಂಖ್ಯೆಗೆ ಅನುಸಾರವಾಗಿಯೇ ಇದ್ದಿತು.

ಶಿರಾದಿಂದ ಹೆದ್ದಾರಿಯಲ್ಲಿ ಹಿರಿಯೂರನ್ನು ದಾಟಿದರೆ ಚಿತ್ರದುರ್ಗ. ಅಲ್ಲಿ ನಡೆದುದು ಸರ್ವವಿದಿತ. ತ. ರಾ. ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಈ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲರು 1972ರಲ್ಲಿ ಒಂದೇ ಚಿತ್ರಕ್ಕೆ ಅಡಕಿಸಿದರು. ತಮ್ಮ ನಾಗರಹಾವು ಕೇರೆಹಾವಾಯಿತೆಂದು ಗ್ರಂಥಕರ್ತರು ನೊಂದುಕೊಂಡರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಗ್ರಂಥಕರ್ತರ ನೋವು ನ್ಯಾಯವಾದುದು; ಮೂರು ಗ್ರಂಥಗಳ ರಾಮಾಚಾರಿಯನ್ನು ಒಂದು ಸಂಜೆಯಲ್ಲಿ ಮುಗಿಸಲಾಗದು. ಆದರೆ ಆ ಚಿತ್ರದ ಒಂದು ಹಾಡಿನೊಳಗೆ ಜಯಂತಿಯವರು ಒನಕೆ ಓಬವ್ವನಾಗಿ ಬಂದು ಹೋದರು. ಓದು ಬರಹವಿಲ್ಲದ ಮುದುಕಿಯರಿಗೂ ಓಬವ್ವನ ಕಿಂಡಿ ಕಣ್ಣಿಗೆ ಕಟ್ಟಿದಂತಾದುದು ಆ ಹಾಡಿನಿಂದ. ಪುಟ್ಟಣ್ಣನವರ ಈ ಉಪಕಾರವನ್ನು ಅಲ್ಲಗಳೆಯುವುದು ನಮ್ಮಿಂದಾಗದು.

ನಮ್ಮ ಸೀಮೆಯಲ್ಲಿಯೇ ಇನ್ನೊಂದು ಮಹಾಕಥೆಯುಂಟು. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಜುಂಜಪ್ಪನ ಗುಡ್ಡೆಯಿದೆ. ಕಾಡುಗೊಲ್ಲರು ಆ ವೀರನ ಚರಿತ್ರೆಯನ್ನು ಗಣೆಯೆಂಬ ನಿಡಿದಾದ ಕೊಳಲಿನ ದನಿಯೊಡನೆ ಹಾಡಿಕೊಂಡು ಬಂದಿದ್ದಾರೆ. ಇದನ್ನು ತೆರೆಗೆ ತರುವ ಆಸೆ ಯಾರಿಗಾದರೂ ಹುಟ್ಟಿದರೆ ನಾವು ಅಡ್ಡ ಬರುವವರಲ್ಲ. ಕ್ಯಾಮರಾ ಗುಡ್ಡೆಯನ್ನೇರುವ ಮುನ್ನ ಅವರು ಹಟ್ಟಿಯಲ್ಲಿ ಕುಳಿತು ಹಾಡನ್ನು ಪೂರ್ತಿಯಾಗಿ ಕೇಳಲಿ. ಗಣೆ ಊದುವವನಿಗೆ ಸಲ್ಲಬೇಕಾದ ಸಂಭಾವನೆಯನ್ನೂ ಹೆಸರನ್ನೂ ಸಲ್ಲಿಸಲಿ. ಚಿತ್ರ ತೆರೆ ಕಾಣುವ ದಿನ ಮೂಲದ ಹಾಡು ಅಚ್ಚಾದ ಪುಸ್ತಕವು ಪಟ್ಟನಾಯಕನಹಳ್ಳಿಯ ಶಾಲೆಯಲ್ಲಿಯೂ ಪಂಚಾಯಿತಿಯ ಗ್ರಂಥಾಲಯದಲ್ಲಿಯೂ ಇರುವಂತೆ ವಿದ್ಯಾ ಇಲಾಖೆಯವರು ನೋಡಿಕೊಳ್ಳಲಿ. ಪುಸ್ತಕದ ಬೆಲೆ ಚಿತ್ರದ ಒಂದು ದಿನದ ಊಟದ ಖರ್ಚಿಗೂ ಸಮನಾಗದು.