ವಿಷಯನಿರೂಪಕ ಭಾಷಣಗಳ ಗುಣನಿರ್ಣಯ

ಬೋಧಿಸುವುದು, ರಂಜಿಸುವುದು, ಮನಸ್ಸನ್ನು ಚಲಿಸುವಂತೆ ಮಾಡುವುದು ಎಂಬ ಮೂರನ್ನು ರೋಮಿನ ಸಿಸೆರೊ ವಾಗ್ಮಿಯ ಕರ್ತವ್ಯಗಳೆಂದು ಗಣಿಸಿದನು. ಇವುಗಳಲ್ಲಿ ಮೊದಲನೆಯದಾದ ಬೋಧನೆಯನ್ನೇ ಮುಖ್ಯವಾಗಿ ಉಳ್ಳ ಭಾಷಣಕ್ಕೆ ವಿಷಯನಿರೂಪಕ ಭಾಷಣವೆಂದು ಹೆಸರಿಡಬಹುದು. ಸಿಸೆರೊವಿಗಿಂತ ಹಿಂದಿನ ಅರಿಸ್ಟಾಟಲನು ರಾಜ್ಯಸಭೆಯ ಭಾಷಣ, ನ್ಯಾಯಸ್ಥಾನದ ಭಾಷಣ, ಉತ್ಸವಸಮಯದ ಸ್ತುತಿನಿಂದಾತ್ಮಕ ಭಾಷಣ ಎಂದು ಮೂರು ಬಗೆಗಳನ್ನು ಮಾತ್ರ ಹೇಳಿದನು. ತಿಳಿಸುವುದಕ್ಕಾಗಿಯೇ ಆಡುವ ಮಾತಿಗೆ ಆ ವಿಭಾಗದಲ್ಲಿ ಸ್ಥಳವಿಲ್ಲ. ಈ ಬಗೆಯ ಭಾಷಣವನ್ನು ಅಳೆಯುವ ಕೋಲು ವಾದದ ಭಾಷಣವನ್ನು ಅಳೆಯುವ ಕೋಲಿನಷ್ಟು ಹಳೆಯದಲ್ಲದಿರುವುದಕ್ಕೆ ಇದೂ ಒಂದು ಕಾರಣ.

ವಿದ್ಯಾರ್ಥಿಗಳ ಸ್ಪರ್ಧೆಗಳಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟಿರುವ ದೇಶಗಳಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನವು ಒಂದು. ೧೯೨೫ರಲ್ಲಿ ವಿಸ್ಕಾನ್ಸಿನ್ ಪ್ರಾಂತದ ರಿಪನ್ ಎಂಬ ಊರಿನಲ್ಲಿ ನ್ಯಾಷನಲ್ ಫೊರೆನ್ಸಿಕ್ ಲೀಗ್ ಎಂಬ ಹೆಸರಿನಿಂದ ಸ್ಥಾಪಿತವಾಗಿ, ೨೦೧೪ರಲ್ಲಿ ನ್ಯಾಷನಲ್ ಸ್ಪೀಚ್ ಅಂಡ್ ಡಿಬೇಟ್ ಅಸೋಸಿಯೇಷನ್ ಎಂಬ ಹೆಸರನ್ನು ತಾಳಿದ ಸಂಸ್ಥೆಯು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಇಂತಹ ಸ್ಪರ್ಧೆಯನ್ನು ನಡೆಸುತ್ತದೆ. ಭಾಷಣವನ್ನು ವಿದ್ಯಾರ್ಥಿಯೇ ರಚಿಸಿ, ಕಂಠಸ್ಥಮಾಡಿ, ೧೦ ನಿಮಿಷಗಳೊಳಗೆ ಮುಗಿಸತಕ್ಕದ್ದು. ಅದರ ಮೇಲೆ ೩೦ ಸೆಕೆಂಡುಗಳ ವಿನಾಯಿತಿಯುಂಟು. ಇತರರ ಗ್ರಂಥಗಳಿಂದ ಯಥಾವತ್ತಾಗಿ ಉದ್ಧರಿಸಿದ ಮಾತುಗಳು ೧೫೦ ಪದಗಳನ್ನು ಮೀರಕೂಡದು. ಚಿತ್ರಪಟಾದಿ ಸಾಧನಗಳನ್ನು ತೋರಿಸಬಹುದು, ತೋರಿಸಲೇಬೇಕೆಂಬ ನಿರ್ಬಂಧವಿಲ್ಲ.

ನಿರ್ಣಾಯಕನು ಮೊದಲು ನೋಡಬೇಕಾದುದು ಭಾಷಣವು ತನ್ನ ಜಾತಿಗೆ ಸೇರಿದೆಯೆ ಎಂಬುದನ್ನು. ಜೇನುನೊಣದ ನರ್ತನವು ವಿಷಯವೆಂದಿಟ್ಟುಕೊಳ್ಳೋಣ. ನೊಣದ ಬುದ್ಧಿಯನ್ನು ಕೊಂಡಾಡಿ ಮುಗಿಸಿದರೆ ಅದು ಸ್ತುತಿ. ಜೇನನ್ನು ಕಾಪಾಡಿರೆಂದು ಮೊರೆಯಿಟ್ಟರೆ ಅದು ಪ್ರೇರಣೆ. ಲಂಬವಾಗಿರುವ ಹುಟ್ಟಿನ ಮೇಲೆ ನೊಣವು ಊರ್ಧ್ವರೇಖೆಯಿಂದ ಎಷ್ಟು ಕೋನದಲ್ಲಿ ಓರೆಯಾಗಿ ನರ್ತಿಸುವುದೋ, ಸೂರ್ಯನ ದಿಕ್ಕಿನಿಂದ ಅಷ್ಟೇ ಕೋನದಲ್ಲಿ ಆಹಾರವಿರುವುದೆಂಬುದನ್ನೂ, ಒಲೆದಾಡುವ ಓಟದ ಕಾಲವು ದೂರವನ್ನು ಸೂಚಿಸುವುದೆಂಬುದನ್ನೂ, ಇದನ್ನು ಕಾರ್ಲ್ ಫಾನ್ ಫ್ರಿಷ್ ಎಂಬ ವಿದ್ವಾಂಸನು ಪ್ರಯೋಗಗಳಿಂದ ಕಂಡುಕೊಂಡನೆಂಬುದನ್ನೂ ಕೇಳಿದವನು ಮನೆಗೆ ಹೋಗಿ ಮತ್ತೊಬ್ಬನಿಗೆ ಹೇಳಬಲ್ಲನಾದರೆ ಮಾತ್ರ ಅದು ನಿರೂಪಣೆ. ಈ ಶಕ್ತಿಯನ್ನು ಶ್ರೋತೃವಿಗೆ ಕೊಟ್ಟಿತೋ ಇಲ್ಲವೋ ಎಂಬುದೇ ಪ್ರಧಾನವಾದ ಪರೀಕ್ಷೆ.

ದೋಷವಿಚಾರದಲ್ಲಿ ಭಾರತೀಯ ನ್ಯಾಯಶಾಸ್ತ್ರವು ಬಹಳವಾಗಿ ಸಹಾಯಕವಾಗಬಲ್ಲುದು. ಗೌತಮನ ನ್ಯಾಯಸೂತ್ರಗಳಲ್ಲಿ ಹೇಳಿರುವ ೨೨ ನಿಗ್ರಹಸ್ಥಾನಗಳು ವಾದಿಪ್ರತಿವಾದಿಗಳಿಗಾಗಿ ಏರ್ಪಟ್ಟವು. ಪ್ರತಿಜ್ಞಾಹಾನಿಯೇ ಮೊದಲಾದವು ಪ್ರತಿವಾದಿಯಿಲ್ಲದೆ ಸಂಭವಿಸವು. ಅವನ್ನು ಇಲ್ಲಿಗೆ ತರುವುದು ಸಲ್ಲದು. ಆದರೆ ಪ್ರಕೃತವನ್ನು ಬಿಟ್ಟು ಬೇರೆಯದನ್ನು ಹೇಳುವ ಅರ್ಥಾಂತರ, ಮೂರು ಸಲ ಹೇಳಿದರೂ ಸಭೆಗೆ ತಿಳಿಯದಿರುವ ಅವಿಜ್ಞಾತಾರ್ಥ, ಕ್ರಮಗೆಟ್ಟ ಅಪ್ರಾಪ್ತಕಾಲ, ಹೇಳಿದುದನ್ನೇ ಹೇಳುವ ಪುನರುಕ್ತ ಇವು ನಿರೂಪಣೆಗೂ ದೋಷಗಳೇ. ಗುಣಪಕ್ಷದಲ್ಲಿ, ಶಾಸ್ತ್ರದ ಪ್ರವೃತ್ತಿಯು ಉದ್ದೇಶ, ಲಕ್ಷಣ, ಪರೀಕ್ಷೆ ಎಂದು ಮೂರು ವಿಧವೆಂಬ ವಾತ್ಸ್ಯಾಯನನ ವಿಭಾಗವು ಒಳ್ಳೆಯ ಅಳತೆಗೋಲು: ಮೊದಲು ವಿಷಯವನ್ನು ಹೆಸರಿಸಬೇಕು, ಬಳಿಕ ಅದರ ಸ್ವರೂಪವನ್ನು ಬೇರ್ಪಡಿಸಿ ತೋರಿಸಬೇಕು, ಕೊನೆಗೆ ಅದು ಹಾಗೆಯೇ ಎಂಬುದನ್ನು ಪ್ರಮಾಣದಿಂದ ನಿಲ್ಲಿಸಬೇಕು.

ನಿರ್ಣಾಯಕನಿಗೂ ದೋಷಗಳುಂಟು. ವಿಷಯವನ್ನು ಬಲ್ಲವನು ಭಾಷಣದಲ್ಲಿರುವ ಬಿರುಕುಗಳನ್ನು ತನ್ನ ತಿಳಿವಿನಿಂದ ತಾನೇ ತುಂಬಿಕೊಂಡು ಅಸ್ಪಷ್ಟವಾದುದನ್ನು ಸ್ಪಷ್ಟವೆಂದು ಭ್ರಮಿಸುವನು. ಅರಿಯದವನು ನಿಸ್ಸಂಕೋಚವಾದ ಧ್ವನಿಯನ್ನೇ ಪ್ರಮಾಣವೆಂದು ನಂಬುವನು. ಕಂಠಮಾಧುರ್ಯ, ಉಡಿಗೆ, ಉಚ್ಚಾರಣೆಯ ಪ್ರಾಂತಭೇದ ಇವು ಅರ್ಥಗ್ರಹಣಕ್ಕೆ ಅಡ್ಡಿಯಾದಲ್ಲಿ ಮಾತ್ರ ಗಣನೀಯವೇ ಹೊರತು ಸ್ವತಂತ್ರವಾಗಿ ಗುಣವೂ ಅಲ್ಲ, ದೋಷವೂ ಅಲ್ಲ. ಚಿತ್ರಪಟವನ್ನು ತೆಗೆದುಹಾಕಿದರೆ ಅರ್ಥವು ಕುಂದುವುದೆ ಎಂದು ಕೇಳಿಕೊಳ್ಳಬೇಕು. ಕುಂದದಿದ್ದಲ್ಲಿ ಅದು ಕೇವಲ ಅಲಂಕಾರ.

ಇನ್ನು ಗಣನೆಯ ಕ್ರಮವೂ ಫಲವನ್ನು ಬದಲಿಸುವುದು. ಮೂವರು ನಿರ್ಣಾಯಕರು ಒಬ್ಬ ಸ್ಪರ್ಧಿಗೆ ೮೦, ೮೨, ೬೦ ಅಂಕಗಳನ್ನೂ ಇನ್ನೊಬ್ಬನಿಗೆ ೭೮, ೮೦, ೭೫ ಅಂಕಗಳನ್ನೂ ಕೊಟ್ಟರೆಂದು ಭಾವಿಸಿದರೆ, ಮೊತ್ತಗಳು ೨೨೨ ಮತ್ತು ೨೩೩ ಆಗಿ ಎರಡನೆಯವನು ಗೆಲ್ಲುವನು. ಸ್ಥಾನಗಳನ್ನು ಎಣಿಸಿದರೆ ಮೊದಲನೆಯವನಿಗೆ ೧, ೧, ೨ ಸೇರಿ ೪. ಎರಡನೆಯವನಿಗೆ ೨, ೨, ೧ ಸೇರಿ ೫. ಸ್ಥಾನಸಂಖ್ಯೆಯು ಕಡಿಮೆಯಾದಷ್ಟೂ ಮೇಲಾದುದರಿಂದ ಇಲ್ಲಿ ಮೊದಲನೆಯವನೇ ಜಯಶಾಲಿ. ಅಂಕಗಳ ಮೊತ್ತದಲ್ಲಿ ಒಬ್ಬನ ಕಾಠಿನ್ಯವು ಇಬ್ಬರ ಅಭಿಪ್ರಾಯವನ್ನು ಮುಳುಗಿಸಬಲ್ಲುದು. ಸ್ಥಾನಕ್ರಮದಲ್ಲಾದರೋ ಅಂತರದ ಹೆಚ್ಚುಕಡಿಮೆಯು ಮರೆಯಾಗುವುದು. ಮೇಲೆ ಹೇಳಿದ ಅಮೆರಿಕಾದ ಸ್ಪರ್ಧೆಯಲ್ಲಿ ಸ್ಥಾನಕ್ರಮಕ್ಕೇ ಪ್ರಾಧಾನ್ಯವುಂಟು. ವಿನಾಯಿತಿಯ ಕಾಲವನ್ನೂ ಮೀರಿದವನಿಗೆ ಪ್ರಥಮಸ್ಥಾನವಿಲ್ಲವಾದರೂ ಆ ಒಂದೇ ಕಾರಣದಿಂದ ಅವನನ್ನು ಕಡೆಯ ಸ್ಥಾನಕ್ಕೆ ತಳ್ಳಬೇಕಾಗಿಲ್ಲ.

ಸ್ಥಾನವನ್ನು ಬರೆದುಕೊಟ್ಟ ಮಾತ್ರಕ್ಕೆ ನಿರ್ಣಾಯಕನ ಕರ್ತವ್ಯವು ಮುಗಿಯದು. ಯಾವ ಮಾತು ತಿಳಿಯಿತು, ಎಲ್ಲಿ ಅರ್ಥವು ಕೈತಪ್ಪಿತು ಎಂಬುದನ್ನು ಎರಡು ವಾಕ್ಯಗಳಲ್ಲಾದರೂ ಬರೆಯಬೇಕು. ಸೋತ ವಿದ್ಯಾರ್ಥಿಗೆ ಅಂದಿನ ದಿನದಿಂದ ದೊರೆಯುವ ಲಾಭವು ಅದೊಂದೇ. ಕಾರಣವಿಲ್ಲದ ತೀರ್ಪು, ತಿಳಿಸಲು ಬಂದವನಿಗೆ ಏನನ್ನೂ ತಿಳಿಸದೆ ಕಳುಹಿಸಿದಂತೆಯೇ ಸರಿ.