ಗೇಮ್ ಪಾತ್ರಕ್ಕೆ ಟೋಪಿ, ಖರ್ಚು ಮನೆಯವರಿಗೆ

ಹುಣಸೂರು: ಹೊಗೆಸೊಪ್ಪಿನ ಹರಾಜಿನ ಹಣ ಬ್ಯಾಂಕ್ ಖಾತೆಗೆ ಜಮೆಯಾದೊಡನೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆ ತಾಲ್ಲೂಕುಗಳ ಬೆಳೆಗಾರರ ಮನೆಗಳಲ್ಲಿ ಸಾಲ, ಗೊಬ್ಬರ, ಸೌದೆಯ ಲೆಕ್ಕ ಆರಂಭವಾಗುತ್ತದೆ. ಆ ಖಾತೆಗೆ ಜೋಡಿಸಿದ ಮೊಬೈಲ್ ಮಕ್ಕಳ ಕೈಯಲ್ಲಿದ್ದರೆ ಇನ್ನೊಂದು ಬಾಬ್ತು ಸೇರಬಹುದು: ವಿಡಿಯೊ ಗೇಮ್‌ನ ಪಾತ್ರಕ್ಕೊಂದು ಚಪ್ಪಟೆ ಟೋಪಿ.

ಈ ಟೋಪಿ ಧರಿಸಿದ ಪಾತ್ರ ಹೆಚ್ಚು ವೇಗವಾಗಿ ಓಡದು, ಗುಂಡೇಟನ್ನೂ ತಡೆಯದು. ಅದು ಕೇವಲ ಅಲಂಕಾರ. ಜೊತೆಗಾರರ ಮುಂದೆ ಮೆರೆಯುವ ಆಸೆಯೇ ಇದರ ಬಂಡವಾಳ. ಅಮೆರಿಕದ ವಾಲ್ವ್ ಕಂಪನಿಯು ‘ಟೀಮ್ ಫೋರ್ಟ್ರೆಸ್ 2’ ಆಟಕ್ಕೆ 2009ರಲ್ಲಿ ಟೋಪಿಗಳನ್ನು ಸೇರಿಸಿತು. 2010ರಲ್ಲಿ ಆಟದೊಳಗೇ ಮಳಿಗೆ ತೆರೆಯಿತು. 2011ರಲ್ಲಿ ಆಟವನ್ನೇ ಉಚಿತಗೊಳಿಸಿತು. ಆಟ ಪುಕ್ಕಟೆ, ಟೋಪಿಗೆ ಕಾಸು! ಇಂದಿನ ಮೊಬೈಲ್ ಆಟಗಳದೂ ಬಹುತೇಕ ಇದೇ ದಾರಿ.

ಹಣ ತೆತ್ತವರಿಗೆ ದೊರೆಯುವುದು ಬಳಕೆಯ ಅನುಮತಿಯೇ ಹೊರತು ಒಡೆತನವಲ್ಲ. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿದ ಪಬ್‌ಜಿ ಮೊಬೈಲ್, ಅಕ್ಟೋಬರ್ 30ಕ್ಕೆ ಭಾರತದಲ್ಲಿ ಸೇವೆ ನಿಲ್ಲಿಸಿತು. ಕೊಂಡ ಉಡುಗೆ-ತೊಡುಗೆಗಳೂ ಕೈತಪ್ಪಿದವು. 2021ರಲ್ಲಿ ಬಿಜಿಎಂಐ ಬಂದಾಗ ಹಳೆಯ ಖಾತೆಯ ವರ್ಗಾವಣೆಗೆ ಅವಕಾಶ ಸಿಕ್ಕಿತಾದರೂ, 2022ರ ಜುಲೈನಲ್ಲಿ ಅದನ್ನೂ ಆ್ಯಪ್ ಮಳಿಗೆಗಳಿಂದ ತೆಗೆಯಲಾಯಿತು. ಮರಳಿದ್ದು 2023ರ ಮೇ ತಿಂಗಳಲ್ಲಿ.

2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಗೆಲ್ಲುವ ನಿರೀಕ್ಷೆಯಿಂದ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ. ಅಲಂಕಾರಕ್ಕಷ್ಟೇ ಕೊಳ್ಳುವ ಟೋಪಿ ಆ ಸಾಲಿಗೆ ಸೇರದು. ಹೀಗಾಗಿ ಕಾವಲು ಮನೆಯಲ್ಲೇ ಆಗಬೇಕು. ಯುಪಿಐ ಪಿನ್ ಮಕ್ಕಳಿಗೆ ತಿಳಿಯದಿರಲಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಹೊಂದಿಸಬಹುದು. ಅರಿಯದೆ ಖರೀದಿಯಾಗಿದ್ದರೆ 48 ಗಂಟೆಯೊಳಗೆ ಗೂಗಲ್‌ಗೆ ಮರುಪಾವತಿಯ ಕೋರಿಕೆ ಸಲ್ಲಿಸುವುದು ಲೇಸು.